ಆಳೂ ಇಲ್ಲ, ಕೆಲಸಾನೂ ಇಲ್ಲ

ವಿಜಯಪುರದಿಂದ ಹೊರಡುವ ಮಂಗಳೂರು ರೈಲು ಸಂಜೆ ಹೊತ್ತಿಗೆ ಬಾಗಲಕೋಟೆಗೆ ಬರುತ್ತದೆ. ಹಿಂಗಾರಿ ಬಿತ್ತನೆ ಮುಗಿದ ದಿನಗಳಲ್ಲಿ ಆ ಪ್ಲಾಟ್‌ಫಾರಂ ಮೇಲೆ ಒಂದು ಗಳಿಗೆ ನಿಂತರೆ ಸಾಕು, ಜಿಲ್ಲೆಯ ಅರ್ಥಶಾಸ್ತ್ರ ಗಂಟುಮೂಟೆ ಕಟ್ಟಿಕೊಂಡು ಕೂತಿರುವುದು ಕಾಣುತ್ತದೆ. ಗೋಣಿಚೀಲದ ತುಂಬ ಜೋಳದ ಹಿಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ, ಮಸಿ ಹಿಡಿದ ಹಂಚು, ಕುಕ್ಕರ್. ಬಣ್ಣ ಮೆತ್ತಿದ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಗೌಂಡಿಯ ಕರಣಿ, ಓಳಂಬ. ಬಕೆಟ್ಟಿನ ಮೇಲೆ ಕೂತು ಬಿಸ್ಕತ್ತು ತಿನ್ನುವ ಮಗು. ರಾತ್ರಿ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ಮರುದಿನ ಬೆಳಗ್ಗೆ ಮಂಗಳೂರಿನಲ್ಲಿ ಕಣ್ಣುಬಿಡುವ ಈ ರೈಲು 2019ರ ನವೆಂಬರ್‌ನಲ್ಲಿ ಶುರುವಾಯಿತು. ಅದಕ್ಕೂ ಮೊದಲು ಈ ಜನ ಹೋಗುತ್ತಿರಲಿಲ್ಲ ಎಂದಲ್ಲ. ಬಸ್ಸಿನಲ್ಲಿ, ಟೆಂಪೋದಲ್ಲಿ, ಲಾರಿಯ ಹಿಂದೆ ಹೋಗುತ್ತಿದ್ದರು. ಸೊಲ್ಲಾಪುರದಿಂದ ಹೊರಟು ಹುನಗುಂದ, ಇಳಕಲ್ ಹಾಯ್ದು ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13ರ ಕೊನೆಯ ಊರು ಮಂಗಳೂರೇ ಆಗಿತ್ತು. ಈ ಭಾಗದಲ್ಲಿ ರಸ್ತೆಯ ನಂಬರು ಬದಲಾಗಿ 50 ಆಯಿತು. ಜನ ಹೋಗುವ ದಿಕ್ಕು ಬದಲಾಗಲಿಲ್ಲ.

ಅದೇ ದಿನ, ಅದೇ ಹೊತ್ತಿಗೆ, ಹುನಗುಂದದ ಕಡೆ ಎರಿ ಹೊಲದ ಬದುವಿನ ಮೇಲೆ ನಿಂತ ರೈತ ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ‘ನಾಳಿಗೆ ಎಂಟ್ ಹೆಣ್ಣಾಳ್ ಬೇಕಾಗಿತ್ತವಾ, ಕಸಾ ತಗಿಯಾಕ.’ ಆ ಕಡೆಯಿಂದ ಬರುವ ಉತ್ತರವೂ ಅವನಿಗೆ ಬಾಯಿಪಾಠ: ‘ಆಳ್ ಸಿಗಂಗಿಲ್ರೀ.’

ಒಂದೇ ಊರಿನಲ್ಲಿ ಒಬ್ಬ ‘ಕೆಲಸ ಇಲ್ಲ’ ಎಂದು ರೈಲು ಹತ್ತುತ್ತಾನೆ, ಇನ್ನೊಬ್ಬ ‘ಆಳಿಲ್ಲ’ ಎಂದು ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಕೂಲಿಯ ಪ್ರಶ್ನೆ ಶುರುವಾಗುವುದೇ ಈ ಎರಡು ನಿಜಗಳ ನಡುವಿನ ಸಂದಿಯಲ್ಲಿ.

ಈ ಸೀಮೆಯಲ್ಲಿ ದುಡಿಮೆಗೆ ಕೊಡುವ ರೊಕ್ಕಕ್ಕೆ ಒಂದೇ ಹೆಸರಿಲ್ಲ. ಹೊಲದಲ್ಲಿ ಸಿಗುವುದು ಕೂಲಿ. ನೇಕಾರನ ಮನೆಯಲ್ಲಿ ಅದು ಮಜೂರಿ. ಫ್ಯಾಕ್ಟರಿಯಲ್ಲಿ, ಅಂಗಡಿಯಲ್ಲಿ ಪಗಾರ. ಸರ್ಕಾರಿ ನೌಕರಿಯದು ಸಂಬಳ. ಕಬ್ಬು ಕಡಿಯುವವರಿಗೆ ಮುಂಗಡ. ಹಳಬರ ಬಾಯಲ್ಲಿ ಇನ್ನೂ ಒಂದು ಶಬ್ದ ಉಳಿದಿದೆ, ಮುಯ್ಯಾಳು: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ರೊಕ್ಕದ ಮಾತೇ ಇಲ್ಲ. ಹೆಸರು ಬೇರೆಯಾದಂತೆ ಲೆಕ್ಕ ಹಾಕುವ ರೀತಿಯೂ ಬೇರೆ. ಕೂಲಿಗೆ ದಿನದ ಲೆಕ್ಕ, ಮಜೂರಿಗೆ ಸೀರೆಯ ಲೆಕ್ಕ, ಪಗಾರಕ್ಕೆ ತಿಂಗಳ ಲೆಕ್ಕ, ಮುಂಗಡಕ್ಕೆ ಇಡೀ ಹಂಗಾಮಿನ ಲೆಕ್ಕ. ದಿನಗೂಲಿ ಎಷ್ಟು ಎಂದಷ್ಟೇ ಕೇಳಿದರೆ ಇವರ ಲೆಕ್ಕ ಅರ್ಥವಾಗುವುದಿಲ್ಲ. ಎಷ್ಟು ದಿನ ಕೆಲಸ ಸಿಗುತ್ತದೆ, ಮನೆಯಲ್ಲಿ ಎಷ್ಟು ಜನರ ಕೈ ಅದರೊಳಗೆ ಸೇರಿದೆ, ರೊಕ್ಕ ಮೊದಲು ಬರುತ್ತದೋ ಕೊನೆಗೋ ಎಂಬುದನ್ನೂ ಕೇಳಬೇಕು.

ಹುನಗುಂದದ ಹೊಲಕ್ಕೇ ಮೊದಲು ಹೋಗೋಣ. ಕರಿ ಎರಿ ಭೂಮಿ, ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಒಳಗೆ. ಕಾಲುವೆ ನೀರು ಕಾಣದ ಹೊಲಗಳಲ್ಲಿ ಹಿಂಗಾರಿಯೇ ಜೀವ: ಬಿಳಿಜೋಳ, ಕಡಲೆ, ಕುಸುಬೆ. ಈ ಬೆಳೆಗಳ ಸ್ವಭಾವ ಹೇಗೆಂದರೆ ಕಳೆ ತೆಗೆಯುವ ಹತ್ತು ದಿನ, ಕೀಳುವ ಹದಿನೈದು ದಿನ ಊರಿನ ಅಷ್ಟೂ ಕೈಗಳು ಒಮ್ಮೆಲೇ ಬೇಕು. ಉಳಿದ ತಿಂಗಳುಗಟ್ಟಲೆ ಒಂದು ಕೈಯೂ ಬೇಡ. ಒಣಬೇಸಾಯದ ರೈತನ ಕೊರತೆ ಎಂದರೆ ಈ ಇಪ್ಪತ್ತೈದು ದಿನಗಳ ಕೊರತೆ. ಕೂಲಿಯವಳ ಕೊರತೆ ಉಳಿದ ಮುನ್ನೂರು ನಲವತ್ತು ದಿನಗಳದು. ಇಪ್ಪತ್ತೈದು ದಿನದ ಕೆಲಸ ನಂಬಿ ಮುನ್ನೂರು ನಲವತ್ತು ದಿನ ಊರಲ್ಲಿ ಕಾಯುತ್ತ ಕೂರುವವರು ಯಾರು?

ಕಡಲೆ ಕೀಳುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಕಡಲೆ ಗಿಡದ ಎಲೆ, ಕಾಯಿಗಳ ಮೇಲೆ ಹುಳಿ ಒಸರುತ್ತದೆ. ಹಿಂದೆ ನಸುಕಿನಲ್ಲಿ ಗಿಡದ ಮೇಲೆ ತೆಳು ಅರಿವೆ ಹಾಸಿ, ಇಬ್ಬನಿಯೊಡನೆ ಆ ಹುಳಿಯನ್ನು ಹೀರಿಸಿ, ಹಿಂಡಿ ಶೀಸೆಯಲ್ಲಿಡುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದು. ಅದೇ ಹುಳಿ ಬರಿಗೈಯಲ್ಲಿ ದಿನವಿಡೀ ಗಿಡ ಕೀಳುವ ಹೆಂಗಸಿನ ಬೆರಳ ಸಂದಿಗೆ ಇಳಿದರೆ ಚರ್ಮ ಸುಲಿಯುತ್ತದೆ, ಸಂಜೆ ರೊಟ್ಟಿ ಬಡಿಯಲು ಹಿಟ್ಟಿಗೆ ಕೈಯಿಟ್ಟರೆ ಉರಿ. ಸೊಂಟ ಬಗ್ಗಿಸಿ ಮಾಡುವ ಈ ಕೆಲಸಕ್ಕೆ ಸಿಗುವುದು ‘ಹೆಣ್ಣಾಳಿನ ಕೂಲಿ’, ಅಂದರೆ ಗಂಡಾಳಿನದಕ್ಕಿಂತ ಕಡಿಮೆ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಹೊಲದ ಬದುವಿನ ತನಕ ಅದು ಬಂದದ್ದನ್ನು ಕಂಡವರು ಕಡಿಮೆ.

ಆಳು ಸಿಗದಾದಾಗ ಕೂಲಿ ಏರಿಸಬಹುದು ಅಥವಾ ಗಿಡವನ್ನೇ ಏರಿಸಬಹುದು. ಕೃಷಿ ವಿಜ್ಞಾನಿಗಳು ಎರಡನೆಯದನ್ನು ಮಾಡಿದರು. ಊರ ಕಡಲೆ ಗಿಡ ಮೊಣಕಾಲೆತ್ತರಕ್ಕೂ ಬಾರದು, ನೆಲಕ್ಕೆ ಹಬ್ಬಿಕೊಂಡು ಬೆಳೆಯುತ್ತದೆ. ಕಂಬೈನ್ ಯಂತ್ರದ ಹಲ್ಲಿಗೆ ಅದು ಸಿಗುವುದಿಲ್ಲ. ಯಂತ್ರಕ್ಕೆ ಸಿಗಲೆಂದೇ ನೆಟ್ಟಗೆ, ಎತ್ತರಕ್ಕೆ ನಿಲ್ಲುವ ತಳಿಗಳು ಬಂದವು. ಕರ್ನಾಟಕದಲ್ಲಿ 2016ರಲ್ಲಿ ಬಿಡುಗಡೆಯಾದ ಜಿಬಿಎಂ 2 ಅಂಥದ್ದೊಂದು. ಆಳಿನ ಕೊರತೆಗೆ ತಕ್ಕಂತೆ ಗಿಡದ ರೂಪವೇ ಬದಲಾದದ್ದು ಸಣ್ಣ ಸಂಗತಿಯಲ್ಲ. ಆದರೆ ಯಂತ್ರ ಒಮ್ಮೆ ಹೊಲಕ್ಕೆ ಇಳಿದರೆ ಆ ಹದಿನೈದು ದಿನದ ಕೂಲಿಯೂ ಹೋಯಿತು. ಕೈಸುಡುವ ಕೆಲಸ ಹೋದದ್ದಕ್ಕೆ ಯಾವ ಹೆಂಗಸೂ ಅಳುವುದಿಲ್ಲ. ಅದರ ಜೊತೆಗೇ ರೊಕ್ಕವೂ ಹೋಯಿತಲ್ಲ ಎಂಬ ಚಿಂತೆ ಬೇರೆ. ಅವಳು ಮುಂದಿನ ವರ್ಷದ ರೈಲಿನಲ್ಲಿ ಇರುತ್ತಾಳೆ. ಆಮೇಲೆ ಕಳೆ ತೆಗೆಯಲೂ ಆಳು ಸಿಗುವುದಿಲ್ಲ, ಏಕೆಂದರೆ ಕಳೆ ತೆಗೆಯಲು ಬೇಕಾದವಳೂ ಅವಳೇ.

ಇಳಕಲ್‌ನ ಕಥೆಗೆ ಹೆಚ್ಚು ಹೊತ್ತು ಬೇಕು. ಇಲ್ಲಿ ಕೊರತೆಯಿರುವುದು ಬರೀ ಆಳಿನದಲ್ಲ, ಕೈ ಬಲ್ಲ ಒಂದು ವಿದ್ಯೆಯದು.

ಇಳಕಲ್ ಸೀರೆಗೆ ಮೈ ಬೇರೆ, ಸೆರಗು ಬೇರೆ. ಸಾಧಾರಣ ಸೀರೆಯಲ್ಲಿ ಉದ್ದಕ್ಕೂ ಹಾಯುವ ಹಾಸಿನ ಎಳೆ ಒಂದೇ. ಹೊಕ್ಕು ಬದಲಿಸಿದರೆ ಸೆರಗಾಗುತ್ತದೆ. ಇಳಕಲ್‌ನಲ್ಲಿ ಹಾಗಲ್ಲ. ಮೈಯ ಹಾಸು ಒಂದು ಬಣ್ಣದ್ದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ, ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಕೂಡಿಸಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಇಂಥ ಸಾವಿರಾರು ಕೊಂಡಿ. ಹಾಗಾಗಿ ನೂರಾರು ಮೀಟರ್ ಹಾಸನ್ನು ಒಮ್ಮೆ ಸುತ್ತಿಟ್ಟು ತಿಂಗಳುಗಟ್ಟಲೆ ನೇಯುವ ಹಾಗಿಲ್ಲ. ಸೀರೆ ಸೀರೆಗೂ ಹೊಸ ಕೊಂಡಿ. ಸೆರಗಿನ ಮೇಲೆ ‘ತೋಪು ತೆನಿ’ಯ ಬಿಳಿ ಚಿತ್ತಾರ, ಅಂಚಿನಲ್ಲಿ ಚಿಕ್ಕಿ ಪರಾಸೋ ಗೋಮಿಯೋ ಗಾಡಿಯೋ ಒಂದು ದಡಿ. ಕುಣಿಮಗ್ಗದಲ್ಲಿ ನೇಕಾರ ನೆಲದ ತಗ್ಗಿನೊಳಗೆ ಕಾಲಿಳಿಬಿಟ್ಟು ಕೂರುತ್ತಾನೆ. ಕಾಲು ಪೆಡಲು ತುಳಿಯುತ್ತದೆ, ಬಲಗೈ ಹಗ್ಗ ಜಗ್ಗುತ್ತದೆ, ಲಾಳಿ ಅತ್ತಿಂದಿತ್ತ ಓಡುತ್ತದೆ, ಎಡಗೈ ಹಣಿಗೆ ಬಡಿಯುತ್ತದೆ. ಆ ಲಾಳಿಯೊಳಗಿನ ಕಂಡಿಕೆ ಸುತ್ತಿದವಳು ಪಡಸಾಲೆಯಲ್ಲಿ ರಾಟಿ ಮುಂದೆ ಕೂತ ಹೆಂಡತಿ ಅಥವಾ ತಾಯಿ. ನೂಲಿಗೆ ಗಂಜಿ ಹಾಕುವುದು, ಬಿಡಿಸುವುದು, ಹಾಸು ಹೂಡಲು ಕೈಜೋಡಿಸುವುದು ಎಲ್ಲ ಮನೆಯವರದೇ.

ಮಜೂರಿ ಮಾತ್ರ ಸೀರೆಗೆ. ಸಾವಕಾರ ನೂಲು, ರೇಷ್ಮೆ ಕೊಡುತ್ತಾನೆ, ನೇಕಾರ ಸೀರೆ ತಂದೊಪ್ಪಿಸುತ್ತಾನೆ, ಸಾವಕಾರ ಸೀರೆಗಿಷ್ಟು ಎಂದು ಎಣಿಸಿ ಕೊಡುತ್ತಾನೆ. ಆ ಎಣಿಕೆಯಲ್ಲಿ ಕಂಡಿಕೆ ಸುತ್ತಿದವಳ ಹೆಸರಿಲ್ಲ. ಮೂರು ಜನರ ದುಡಿಮೆ ಒಬ್ಬನ ಗಳಿಕೆಯಾಗಿ ವಹಿಯಲ್ಲಿ ಕೂರುತ್ತದೆ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ನೂರಕ್ಕೆ 66ಕ್ಕೂ ಹೆಚ್ಚಿನವರ ತಿಂಗಳ ವರಮಾನ 5,000 ರೂಪಾಯಿಗಿಂತ ಕಡಿಮೆ. ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ ಇನ್ನೂರು ರೂಪಾಯಿಯೂ ಇಲ್ಲ. ಅದನ್ನು ಮನೆಯ ಮೂರು ಜನರಿಗೆ ಹಂಚುವ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಲಿ. 2009-10ರ ಗಣತಿಯಲ್ಲಿ 43 ಲಕ್ಷ ಮೀರಿದ್ದ ದೇಶದ ಕೈಮಗ್ಗ ಕೆಲಸಗಾರರು ಹತ್ತು ವರ್ಷದಲ್ಲಿ 35 ಲಕ್ಷಕ್ಕೆ ಇಳಿದರು. ರಾಜ್ಯ ಸರ್ಕಾರ 2020ರಲ್ಲಿ ನೇಕಾರ ಸಮ್ಮಾನ್ ಯೋಜನೆಯಡಿ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರುಮಾಡಿ, ಆಮೇಲೆ ಅದನ್ನು 5,000ಕ್ಕೆ ಏರಿಸಿತು. ಸಮ್ಮಾನ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅದು ವರ್ಷಕ್ಕೊಮ್ಮೆ ಬರುತ್ತದೆ, ಮಜೂರಿ ವಾರವಾರ ಬೇಕು.

ಹೀಗಿರುವಾಗ ಮಗ ಮಗ್ಗಕ್ಕೆ ಇಳಿಯದಿದ್ದರೆ ಅವನನ್ನು ಸೋಮಾರಿ ಎನ್ನುವುದು ಹೇಗೆ? ಅವನು ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ, ಗ್ರಾನೈಟ್ ಲಾರಿಯ ಸ್ಟೇರಿಂಗ್ ಹಿಡಿಯುತ್ತಾನೆ, ಇಲ್ಲವೇ ಬೆಂಗಳೂರಿಗೆ ಹೋಗುತ್ತಾನೆ. ಇತ್ತ ಸೀರೆಗೆ ಬೇಡಿಕೆ ಏನೂ ಕಡಿಮೆಯಾಗಿಲ್ಲ. ಭೌಗೋಳಿಕ ಸೂಚ್ಯಂಕದ ಮುದ್ರೆ ಬಿದ್ದಿದೆ, ಬೆಂಗಳೂರಿನ ಮದುವೆಗಳಲ್ಲಿ ಇಳಕಲ್ ಸೀರೆ ಹೊಸ ಫ್ಯಾಷನ್ನು. ಪಕ್ಕದ ಗುಳೇದಗುಡ್ಡದ ಖಣವಂತೂ ರವಿಕೆ ಬಿಟ್ಟು ಕೈಚೀಲ, ದೀಪದ ಗವಸು, ಪುಸ್ತಕದ ರಟ್ಟಿನವರೆಗೂ ಹತ್ತಿದೆ. ಬೇಡಿಕೆ ಏರಿದರೆ ಮಜೂರಿ ಏರಬೇಕಿತ್ತು. ಅದಕ್ಕೆ ಅಡ್ಡ ಬಂದದ್ದು ಪವರ್‌ಲೂಮ್. ಸೀರೆಯಂಥ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಿಂದ ಇದೆ. ಅದಿದ್ದೂ ಇಳಕಲ್ ದಡಿ, ಇಳಕಲ್ ಸೆರಗಿನ ನಕಲು ಯಂತ್ರದ ಮೇಲೆ ಮೂಟೆಗಟ್ಟಲೆ ಬರುತ್ತದೆ. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯಬೇಕಿದ್ದರೆ ಸೆರಗು ಮೈಗೆ ಕೂಡುವ ಜಾಗವನ್ನು ತಿರುವಿ ನೋಡಬೇಕು, ಅಲ್ಲಿ ಕೊಂಡಿಯ ಸಾಲು ಬೆರಳಿಗೆ ಸಿಗುತ್ತದೆ. ನೇಕಾರನ ಮಜೂರಿಗೆ ಮೇಲ್ಮಿತಿ ಹಾಕಿದ್ದು ಆ ನಕಲಿನ ಬೆಲೆ. ಮಜೂರಿ ಏರಿಸದೆ ನೇಕಾರರು ಸಿಗುವುದಿಲ್ಲ, ಏರಿಸಿದರೆ ಸೀರೆ ಮಾರುವುದಿಲ್ಲ ಎಂದು ಸಾವಕಾರರು ಹೇಳುವ ಮಾತಿನಲ್ಲಿ ಅರ್ಧ ನಿಜವಿದೆ. ಇನ್ನರ್ಧ ಅಂಗಡಿಯ ಬೆಲೆಚೀಟಿಯಲ್ಲಿರುತ್ತದೆ.

ಊರ ಹೊರಗೆ ಇಳಕಲ್‌ನ ಇನ್ನೊಂದು ಕಸುಬು. ‘ಇಳಕಲ್ ಪಿಂಕ್’, ‘ರೂಬಿ ರೆಡ್’ ಎಂಬ ಹೆಸರಲ್ಲಿ ಹಡಗು ಹತ್ತುವ ಕೆಂಪು ಗ್ರಾನೈಟ್. ಒಂದು ಕಾಲಕ್ಕೆ ಬಂಡೆ ಸೀಳಲು ಸಾಲಾಗಿ ಕುಳಿ ಹೊಡೆದು, ಆಪು ಬಡಿದು, ಹತ್ತಾರು ಜನ ಹಾರೆ ಹಾಕಿ ಮೀಟಬೇಕಿತ್ತು. ಈಗ ವಜ್ರದ ಮಣಿ ಪೋಣಿಸಿದ ತಂತಿ ನೀರು ಕುಡಿಯುತ್ತ ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುತ್ತದೆ, ನೋಡಿಕೊಳ್ಳಲು ಇಬ್ಬರು ಮೂವರು ಸಾಕು. ಕೂಲಿ ಇಲ್ಲಿ ಹೊಲಕ್ಕಿಂತ, ಮಗ್ಗಕ್ಕಿಂತ ಮೇಲು. ಆದರೆ ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಔಷಧವಿಲ್ಲ. ಊರ ಹುಡುಗರು ಹಿಂಜರಿಯುವ ಕೆಲಸಕ್ಕೆ ಉತ್ತರ ಭಾರತದ ಹುಡುಗರು ಬಂದು ನಿಲ್ಲುವುದು ಈಗ ನಾಡಿನ ಎಲ್ಲ ಕಡೆಯ ರೂಢಿ. ಇದೇ ಜಿಲ್ಲೆಯ ಪಟ್ಟದಕಲ್ಲಿನಲ್ಲಿ ಎಂಟನೇ ಶತಮಾನದಲ್ಲಿ ಕಲ್ಲಿನವರ ಮರ್ಯಾದೆ ಬೇರೆಯಿತ್ತು. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನ ಅದನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಹೆಸರು ಹೇಳುತ್ತದೆ, ಅವನಿಗೆ ಸಿಕ್ಕ ತ್ರಿಭುವನಾಚಾರಿ ಎಂಬ ಬಿರುದನ್ನೂ ಹೇಳುತ್ತದೆ. ಬಂಡೆ ಹೊತ್ತು ತಂದವರ ಕೂಲಿ ಎಷ್ಟಿತ್ತೆಂದು ಮಾತ್ರ ಯಾವ ಕಂಬವೂ ಹೇಳುವುದಿಲ್ಲ.

ಘಟಪ್ರಭೆ, ಕೃಷ್ಣೆಯ ದಂಡೆಯ ಮುಧೋಳ, ಜಮಖಂಡಿ ಕಡೆಗೆ ತಿರುಗಿದರೆ ಚಿತ್ರ ಪೂರಾ ಉಲ್ಟಾ. ಅಲ್ಲಿ ನೀರಿದೆ, ಕಬ್ಬಿದೆ, ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಬಾದಾಮಿ, ಹುನಗುಂದದ ಜನ ಕೆಲಸ ಹುಡುಕಿ ಇಡೀ ರಾಜ್ಯ ದಾಟುತ್ತಿರುವಾಗ, ಅವರದೇ ಜಿಲ್ಲೆಯ ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಸೀಮೆಯಿಂದ ಗ್ಯಾಂಗುಗಳು ಬರುತ್ತವೆ. ವಿಜಯಪುರದ ತಾಂಡಾಗಳಿಂದಲೂ ಬರುತ್ತಾರೆ. ಏಕೆ? ಉತ್ತರ ಮುಂಗಡದಲ್ಲಿದೆ. ಮಳೆಗಾಲದಲ್ಲಿ ಮನೆಯಲ್ಲಿ ಕಾಳು ತೀರಿದಾಗ ಗ್ಯಾಂಗು ಕೂಡಿಸುವ ಮುಕಾದಮ ಲಕ್ಷದ ಲೆಕ್ಕದಲ್ಲಿ ರೊಕ್ಕ ಕೊಡುತ್ತಾನೆ, ದೀಪಾವಳಿ ಕಳೆದ ಮೇಲೆ ಗಂಡಹೆಂಡತಿ ಗಾಡಿ ಹತ್ತುತ್ತಾರೆ. ಈ ಲೆಕ್ಕದಲ್ಲಿ ಗಂಡಹೆಂಡತಿ ಇಬ್ಬರಲ್ಲ, ಒಂದು ‘ಕೋಯ್ತಾ’. ಕುಡುಗೋಲಿನ ಹೆಸರೇ ಜೋಡಿಯ ಹೆಸರು. ಅವನು ಕಡಿಯುತ್ತಾನೆ, ಅವಳು ರವದಿ ಸವರಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಟ್ರಾಲಿಗೆ ಏರಿಸುತ್ತಾಳೆ. ಮಹಾರಾಷ್ಟ್ರದಲ್ಲಿ ದೊಡ್ಡ ಹೋರಾಟದ ನಂತರ 2024ರ ಜನವರಿಯಲ್ಲಿ ಟನ್ನಿಗೆ ಸುಮಾರು 274 ರೂಪಾಯಿಯಿದ್ದ ಕಟಾವು ದರ 366ಕ್ಕೆ ಏರಿತು. ಇಬ್ಬರು ಬೆಳಗಿನ ಜಾವದಿಂದ ಕತ್ತಲವರೆಗೆ ದುಡಿದರೆ ಆಗುವುದು ಒಂದೆರಡು ಟನ್. ಮುಂಗಡ ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಇತ್ತ ಮುಂಗಡ ಇಸಗೊಂಡ ಗ್ಯಾಂಗು ಬರಲೇ ಇಲ್ಲ ಎಂದು ಟ್ರ್ಯಾಕ್ಟರ್ ಸಾಲದ ಕಂತು ಕಟ್ಟಲಾಗದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮಾಲಕರೂ ಪ್ರತಿ ಹಂಗಾಮಿನಲ್ಲಿ ಇರುತ್ತಾರೆ. ಕಟಾವು ಯಂತ್ರಕ್ಕೆ ಸಬ್ಸಿಡಿ ಇದೆ. ಆದರೆ ಅದು ಓಡಾಡಲು ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಅಂತರ ಬೇಕು, ತಿರುಗಲು ಜಾಗ ಬೇಕು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಎರಡೆಕರೆ ಪಟ್ಟಿಯಲ್ಲಿ ಅದು ಹಿಡಿಯುವುದಿಲ್ಲ.

ಬಾದಾಮಿಯ ಆಳು ಮುಧೋಳದ ಕಬ್ಬಿಗೆ ಹೋಗದೆ ಮಂಗಳೂರಿನ ಗಾರೆ ಕೆಲಸಕ್ಕೆ ಹೋಗುವುದು ಮೇಲುನೋಟಕ್ಕೆ ವಿಚಿತ್ರ. ಅವನ ಲೆಕ್ಕ ಕೇಳಿದರೆ ವಿಚಿತ್ರವೇನಿಲ್ಲ. ಕರಾವಳಿಯಲ್ಲಿ ಕೂಲಿ ಶನಿವಾರದ ಶನಿವಾರ ಬಟವಾಡೆಯಾಗುತ್ತದೆ. ಮಳೆಗಾಲ ಬಿಟ್ಟರೆ ಎಂಟು ತಿಂಗಳು ಒಂದಲ್ಲ ಒಂದು ಕಟ್ಟಡ ಏಳುತ್ತಿರುತ್ತದೆ. ಹೋದಾಗ ಕಲ್ಲು, ಮಣ್ಣು ಹೊರುವವನು ನಾಲ್ಕೈದು ವರ್ಷಕ್ಕೆ ಗೌಂಡಿಯಾಗುತ್ತಾನೆ, ಕೂಲಿಯೂ ಏರುತ್ತದೆ. ಹೊಲದಲ್ಲಿ ಮೂವತ್ತು ವರ್ಷ ಕಳೆ ತೆಗೆದವಳಿಗೆ ಅಂಥ ಬಡ್ತಿಯಿಲ್ಲ. ಪಕ್ಕದ ಕೇರಳದ ಕೂಲಿಯ ಬಿಸಿ ಮಂಗಳೂರಿಗೂ ತಟ್ಟುತ್ತದೆ. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಂಕಿಗಳಲ್ಲಿ 2022-23ಕ್ಕೆ ಗ್ರಾಮೀಣ ಕಟ್ಟಡ ಕಾರ್ಮಿಕನ ದಿನಗೂಲಿ ಕೇರಳದಲ್ಲಿ ಸರಾಸರಿ 852 ರೂಪಾಯಿ, ಇಡೀ ದೇಶದಲ್ಲಿ 393, ಮಧ್ಯಪ್ರದೇಶದಲ್ಲಿ 278. ಒಂದೇ ಇಟ್ಟಿಗೆ, ಒಂದೇ ಸಿಮೆಂಟು. ಇನ್ನೂ ಒಂದು ಕಾರಣವಿದೆ, ಲೆಕ್ಕದ ಹಾಳೆಯಲ್ಲಿ ಬಾರದ್ದು. ಊರಲ್ಲಿ ಅವನು ಇಂಥ ಓಣಿಯವನು, ಇಂಥವರ ಮನೆಯ ಆಳು. ಮಂಗಳೂರಿನಲ್ಲಿ ಬರೀ ‘ಘಟ್ಟದವನು’. ಅದೂ ಅಂಥ ದೊಡ್ಡ ಮರ್ಯಾದೆಯೇನಲ್ಲ, ಶೆಡ್ಡಿನ ಬಾಳು ಸುಖದ್ದೂ ಅಲ್ಲ. ಆದರೆ ಸಂಜೆ ಕೈಕಾಲು ತೊಳೆದ ಮೇಲೆ ಯಾರ ಮನೆ ಮುಂದೆಯೂ ಚಪ್ಪಲಿ ಬಿಡಬೇಕಾಗಿಲ್ಲ.

ಕಾನೂನಿನ ಕಣ್ಣಿಗೆ ಇವನು ವಲಸಿಗನೂ ಅಲ್ಲ ಎಂಬುದು ಒಂದು ತಮಾಷೆ. 1979ರಲ್ಲಿ ಬಂದ, ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿರುವ ಕಾಯ್ದೆ ಗುರುತಿಸಿದ್ದು ಅಂತಾರಾಜ್ಯ ವಲಸೆ ಕಾರ್ಮಿಕರನ್ನು ಮಾತ್ರ. ಬಾದಾಮಿಯಿಂದ ಗೋವಾದ ವಾಸ್ಕೊ ಹತ್ತಿರ, ಮಂಗಳೂರು ಬಲುದೂರ. ಹತ್ತಿರದ ವಾಸ್ಕೊಕ್ಕೆ ಹೋದ ತಮ್ಮ ವಲಸಿಗ, ದೂರದ ಮಂಗಳೂರಿಗೆ ಹೋದ ಅಣ್ಣ ಅಲ್ಲ. ಹಾಗಾಗಿ ಅಣ್ಣ ಯಾವ ವಹಿಯಲ್ಲೂ ಕಾಣುವುದಿಲ್ಲ. ಕಾಣುವುದು ಚುನಾವಣೆ ಬಂದಾಗ. ಗ್ರಾಮ ಪಂಚಾಯಿತಿ ಮತದಾನದ ಹಿಂದಿನ ದಿನ ಕರಾವಳಿಯ ಕಟ್ಟಡಗಳು ಭಣಗುಡುತ್ತವೆ, ‘ಕೆಲಸದವರು ಊರಿಗೆ ಹೋಗಿದ್ದಾರೆ’ ಎಂಬ ದೂರು ಅಲ್ಲಿ ಶುರುವಾಗುತ್ತದೆ. ಹುನಗುಂದದ ರೈತನ ದೂರೇ ತುಸು ಬೇರೆ ಕನ್ನಡದಲ್ಲಿ.

‘ಗೃಹಲಕ್ಷ್ಮಿ ಬಂದ್ಮ್ಯಾಲ ಯಾರೂ ಹೊಲಕ್ಕ ಬರವಲ್ರು’ ಎಂಬುದು ಈಚಿನ ವರ್ಷಗಳಲ್ಲಿ ಕಟ್ಟೆಕಟ್ಟೆಯ ಮೇಲೆ ಕೇಳುವ ಮಾತು. ಮನೆಯೊಡತಿಯ ಹೆಸರಿಗೆ ಸರ್ಕಾರದಿಂದ 2023ರ ಆಗಸ್ಟ್‌ನಿಂದ ಬರುತ್ತಿರುವ ಆ ತಿಂಗಳ 2,000 ರೂಪಾಯಿ ದಿನಕ್ಕೆ ಹಂಚಿದರೆ 66. ಅಷ್ಟಕ್ಕೆ ಯಾರೂ ಕೈಕಟ್ಟಿ ಕೂರುವುದಿಲ್ಲ. ಆದರೆ ಮನೆಯಲ್ಲಿ ಅಕ್ಕಿಯಿದ್ದು, ಕೈಯಲ್ಲಿ ತುಸು ರೊಕ್ಕವಿದ್ದಾಗ ಹೆಂಗಸು ‘ಇಷ್ಟ್ ಕೊಟ್ರ ಬರ್ತೀನ್ರಿ’ ಎನ್ನಬಲ್ಲಳು. ಮೊದಲು ‘ಎಷ್ಟಾರ ಕೊಡ್ರಿ’ ಎನ್ನುತ್ತಿದ್ದಳು. ಆ ವರ್ಷದ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಪಕ್ಕದೂರಿನ ಹೊಲದ ಕೂಲಿ, ಬಾಗಲಕೋಟೆ ನವನಗರದ ಮನೆಗೆಲಸ, ಆಸ್ಪತ್ರೆಯ ಸ್ವಚ್ಛತೆ ಕೆಲಸ ಎಲ್ಲ ಅವಳ ತೂಕಕ್ಕೆ ಬಂದವು. ರೈತ ‘ಕೊರತೆ’ ಎನ್ನುವುದರಲ್ಲಿ ಅವಳ ಚೌಕಾಸಿಯೂ ಸೇರಿದೆ. ಹಾಗೆಂದು ರೈತನನ್ನು ಗದರಿಸಿ ಮುಗಿಸುವಂತೆಯೂ ಇಲ್ಲ. ಉಳ್ಳಾಗಡ್ಡಿ ದರ ಬಿದ್ದ ವರ್ಷ ಕಿತ್ತು, ಹೆರೆದು, ಚೀಲ ತುಂಬಿಸಿದ ಕೂಲಿಯೇ ಮಾರಿದ ರೊಕ್ಕವನ್ನು ನುಂಗಿಬಿಡುತ್ತದೆ. ಅಂಥ ವರ್ಷ ಹೊಲದಲ್ಲೇ ಕುರಿ ಬಿಟ್ಟವರೂ ಇದ್ದಾರೆ.

ಸರ್ಕಾರದ ಲೆಕ್ಕಗಳನ್ನು ಎದುರುಬದುರು ಇಟ್ಟು ನೋಡುವುದೂ ಒಂದು ಮೋಜು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2024-25ಕ್ಕೆ 349, 2025-26ಕ್ಕೆ 370 ರೂಪಾಯಿ. ಅದೇ 2025ರ ಏಪ್ರಿಲ್‌ನಲ್ಲಿ ರಾಜ್ಯದ ಕಾರ್ಮಿಕ ಇಲಾಖೆ ಹೊರಡಿಸಿದ ಕನಿಷ್ಠ ವೇತನದ ಕರಡು, ರಾಜ್ಯವನ್ನು ಮೂರು ವಲಯ ಮಾಡಿ, ಇಳಕಲ್‌ನಂಥ ಊರುಗಳು ಬರುವ ಕೊನೆಯ ವಲಯದ ಅಕುಶಲ ಕಾರ್ಮಿಕನಿಗೂ ದಿನಕ್ಕೆ 743 ರೂಪಾಯಿ ಬೇಕೆಂದಿತು. ಮನುಷ್ಯ ಬದುಕಲು ಬೇಕಾದ ಊಟ, ಬಟ್ಟೆ, ಬಾಡಿಗೆ, ಮಕ್ಕಳ ಓದು ಎಲ್ಲ ಎಣಿಸಿ ತೆಗೆದ ಅಂಕಿ ಅದು. ಒಂದು ಸರ್ಕಾರ ಬದುಕಲು ಬೇಕೆಂದದ್ದರ ಅರ್ಧವನ್ನು ಇನ್ನೊಂದು ಸರ್ಕಾರ ಕೆಲಸ ಮಾಡಿಸಿಕೊಂಡು ಕೊಡುತ್ತಿತ್ತು. ಆದರೂ ಕಳೆ ತೆಗೆಯುವ ಹೆಂಗಸಿಗೆ ಖಾತ್ರಿಯ ಕೂಲಿ ಸಣ್ಣದಾಗಿರಲಿಲ್ಲ. ಅಲ್ಲಿ ಗಂಡಾಳು, ಹೆಣ್ಣಾಳು ಎಂಬ ಭೇದವಿರಲಿಲ್ಲ. ಗೌಂಡಿಗೆ ಮಾತ್ರ ಅದು ಲೆಕ್ಕಕ್ಕೇ ಇರಲಿಲ್ಲ. ಒಂದೇ ದರ ಗಂಡನನ್ನು ರೈಲು ಹತ್ತಿಸುತ್ತಿತ್ತು, ಹೆಂಡತಿಯನ್ನು ಕೆರೆ ಹೂಳೆತ್ತಲು ಊರಲ್ಲಿ ಉಳಿಸುತ್ತಿತ್ತು.

ಆಳು ಸಾಲದಾದಾಗ ದೊರೆಗಳಿಗೆ ಮೊದಲು ಹೊಳೆಯುವುದು ಕೂಲಿ ಏರಿಸುವುದಲ್ಲ, ಆಳನ್ನು ಕಟ್ಟಿಹಾಕುವುದು. ಇದು ಹಳೆಯ ಚಾಳಿ. ಪ್ಲೇಗಿನಲ್ಲಿ ಜನ ಸತ್ತು ಕೂಲಿ ದುಬಾರಿಯಾದಾಗ ಇಂಗ್ಲೆಂಡಿನ ಸಂಸತ್ತು 1351ರಲ್ಲಿ ಪ್ಲೇಗಿಗೆ ಮುಂಚಿನ ಕೂಲಿಗಿಂತ ಹೆಚ್ಚು ಕೇಳುವುದನ್ನೇ ಅಪರಾಧ ಮಾಡಿತು. ನಮ್ಮಲ್ಲೂ 1877ರ ಬರದಲ್ಲಿ, ಈ ಸೀಮೆಯೆಲ್ಲ ಕಲಾದಗಿ ಜಿಲ್ಲೆಯಾಗಿದ್ದಾಗ, ಮುಂಬಯಿ ಪ್ರಾಂತ್ಯದ ಬರಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವವನ ದಿನದ ಧಾನ್ಯವನ್ನು ಒಂದು ಪೌಂಡಿಗೆ, ಅಂದರೆ ಅರ್ಧ ಕಿಲೋಗಿಂತ ಕಡಿಮೆಗೆ ಇಳಿಸಿದರು. ಜನ ಹಾರೆ, ಗುದ್ದಲಿ ಬಿಸಾಕಿ ಹೊರಟರು. ಅದಕ್ಕೆ ಮುಷ್ಕರ ಎಂದು ಹೆಸರು ಬಂತು. ಬರ ಬಂದರೆ ಧಾನ್ಯ ಸಾಗಿಸಲಿ ಎಂದು 1884ರಲ್ಲಿ ಹೊಟಗಿ–ಗದಗ ರೈಲು ಬಂತು. ಮಂಗಳೂರಿಗೆ ಜನ ಹೊರಡುವುದು ಇಂದಿಗೂ ಅದೇ ದಾರಿಯಲ್ಲಿ.

2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟು ನಿಂತವರ ವಿಶೇಷ ರೈಲುಗಳನ್ನು ಕರ್ನಾಟಕ ಸರ್ಕಾರ ಮೇ ಮೊದಲ ವಾರದಲ್ಲಿ ರದ್ದು ಮಾಡಲು ಹೊರಟಿತು. ಅದಕ್ಕೆ ತುಸು ಮುಂಚೆಯಷ್ಟೇ ಮುಖ್ಯಮಂತ್ರಿ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ್ದರು. ಟೀಕೆ ಜೋರಾದ ಮೇಲೆ ನಿರ್ಧಾರ ಹಿಂದೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಖಾತ್ರಿ ಕಾಯ್ದೆಯ ಜಾಗಕ್ಕೆ ಸಂಸತ್ತು ಒಪ್ಪಿದ ಹೊಸ ಕಾಯ್ದೆ 100 ದಿನದ ಕೆಲಸವನ್ನು 125 ಮಾಡಿದೆ. ಜೊತೆಗೆ ಬಿತ್ತನೆ, ಸುಗ್ಗಿಯ ವೇಳೆ ವರ್ಷಕ್ಕೆ 60 ದಿನ ಆ ಕೆಲಸ ನಿಲ್ಲಿಸಬಹುದೆಂದೂ ಬರೆದಿದೆ, ರೈತರಿಗೆ ಆಳು ಸಿಗಲಿ ಎಂದು. ರೈತನಿಗೆ ಹೆಂಗಸರು ಬೇಕಾದ ಆ ದಿನಗಳೇ ಅವರ ಚೌಕಾಸಿಗೆ ಬಲ ಬರುವ ದಿನಗಳು. ಆ ಹೊತ್ತಿಗೆ ಸರಿಯಾಗಿ ಬೇರೆ ದಾರಿ ಮುಚ್ಚಿದರೆ ಹುನಗುಂದದ ಕಡಲೆ ಹೊಲದಲ್ಲಿ ಕೂಲಿ ಯಾವ ಕಡೆ ವಾಲುತ್ತದೆಂದು ಊಹಿಸಲು ಅರ್ಥಶಾಸ್ತ್ರ ಓದಿರಬೇಕಿಲ್ಲ.

ಮುಂದೆ ಇನ್ನೂ ಒಂದು ಸ್ಥಿತ್ಯಂತರ ಕಾದಿದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಮುಳುಗುವ 75,563 ಎಕರೆಗೆ, ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಎಕರೆಯ ಲೆಕ್ಕ ಎಕರೆ ಇದ್ದವರಿಗೆ. ಆ ಎಕರೆಗಳ ಮೇಲೆ ಕಳೆ ತೆಗೆದು, ಕಬ್ಬು ಕಡಿದು ಸಿಗುತ್ತಿದ್ದ ಕೂಲಿ ದಿನಗಳಿಗೆ ದರ ಕಟ್ಟಿದವರಿಲ್ಲ. ಹಳೆ ಬಾಗಲಕೋಟೆ ಹಿನ್ನೀರಿಗೆ ಸಿಕ್ಕು ನವನಗರ ಎದ್ದಾಗಲೂ ಓಣಿಯ ಮನೆಗಳಿಗೆ ಬೆಲೆ ಬಂತು, ಓಣಿಯ ಕೆಲಸಕ್ಕೆ ಬರಲಿಲ್ಲ.

ಬನದ ಹುಣ್ಣಿವೆಗೆ ಬಾದಾಮಿ ಬನಶಂಕರಿಯ ತೇರು. ನೇಕಾರರ ಕುಲದೇವತೆ ಅವಳು. ಮಂಗಳೂರು, ಗೋವಾಗಳಿಂದ ಜನ ಅವತ್ತಿಗೆ ಬಂದೇ ಬರುತ್ತಾರೆ. ಜಾತ್ರೆ ಒಂದು ದಿನಕ್ಕೆ ಮುಗಿಯುವುದಿಲ್ಲ, ವಾರಗಟ್ಟಲೆ ನಾಟಕ ಕಂಪನಿಗಳ ಡೇರೆ, ಮಿಠಾಯಿ ಅಂಗಡಿ. ಅದರ ಒಂದು ಬದಿಗೆ ಬಾಗಿಲು ಚೌಕಟ್ಟಿನ ಪೇಟೆ, ಸಾಲು ಸಾಲು ಸಾಗವಾನಿ, ಮತ್ತಿ, ಬೇವು. ಊರ ಕಡೆ ಮನೆ ಕಟ್ಟಿಸುವವರು ಚೌಕಟ್ಟು ಕೊಳ್ಳಲು ಈ ಜಾತ್ರೆಗೇ ಕಾಯುತ್ತಾರೆ. ಶನಿವಾರದ ಬಟವಾಡೆಗಳನ್ನು ಕೂಡಿಟ್ಟು ತಂದ ರೊಕ್ಕದಲ್ಲಿ ಗಂಡ ಹೆಂಡತಿ ಚೌಕಟ್ಟಿನ ಮೇಲೆ ಬೆರಳು ಬಡಿದು ಸದ್ದು ಕೇಳುತ್ತಾರೆ, ಹೊಸ್ತಿಲ ಅಗಲ ಗೇಣಿನಲ್ಲಿ ಅಳೆಯುತ್ತಾರೆ, ಅರ್ಧ ದಿನ ಚೌಕಾಸಿ ಮಾಡಿ ಟಂಟಂನಲ್ಲಿ ಹಾಕಿಕೊಂಡು ಊರಿಗೆ ಒಯ್ಯುತ್ತಾರೆ. ಹಳೆ ಮನೆಯ ಗೋಡೆಗೆ ಅದನ್ನು ಒರಗಿಸಿ, ಮಳೆ ಬೀಳದಂತೆ ತಾಡಪಾಲು ಹೊದಿಸುತ್ತಾರೆ. ಕೂಡಿಸಬೇಕೆಂದರೆ ಗೌಂಡಿ ಬೇಕು. ಊರಲ್ಲಿ ಗೌಂಡಿ ಸಿಗುವುದಿಲ್ಲ, ಇದ್ದವರೆಲ್ಲ ಮಂಗಳೂರಿನಲ್ಲಿದ್ದಾರೆ. ಚೌಕಟ್ಟು ಕೊಂಡವನೂ ಗೌಂಡಿಯೇ. ಅವನ ರಜೆ ನಾಡಿದ್ದಿಗೆ ಮುಗಿಯುತ್ತದೆ.